ನಾಲ್ಕು ಕ್ಷೇತ್ರಗಳ ಲೆಕ್ಕ

ಎರಡು ನಾಣ್ಯಗಳನ್ನು ಒಟ್ಟಿಗೆ ಚಿಮ್ಮಿದರೆ ನಾಲ್ಕು ಬಗೆಯ ಫಲಗಳು ಸಾಧ್ಯವೆಂಬುದು ಗಣಿತದ ಸಾಮಾನ್ಯ ಪಾಠ. ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕ್ಷೇತ್ರಗಳನ್ನು ಪರೀಕ್ಷಿಸಿದರೆ ಚುನಾವಣೆಯ ನಕ್ಷೆಯಲ್ಲಿಯೂ ಇದೇ ಪಾಠವನ್ನು ಕಾಣುತ್ತೇವೆ.

ಕರ್ನಾಟಕದಲ್ಲಿ ಲೋಕಸಭೆಗೆ 28, ವಿಧಾನಸಭೆಗೆ 224 ಕ್ಷೇತ್ರಗಳಿವೆ. ಎಂಟು ವಿಧಾನಸಭಾ ಕ್ಷೇತ್ರಗಳು ಕೂಡಿ ಒಂದು ಲೋಕಸಭಾ ಕ್ಷೇತ್ರವಾಗುತ್ತದೆ. 2008ರಲ್ಲಿ ಜಾರಿಗೆ ಬಂದ ವಿಂಗಡಣೆಯಂತೆ ಮಧುಗಿರಿ, ಕೊರಟಗೆರೆಗಳು ತುಮಕೂರು ಲೋಕಸಭಾ ಕ್ಷೇತ್ರಕ್ಕೆ ಸೇರಿವೆ. ಶಿರಾ, ಪಾವಗಡಗಳು ಚಿತ್ರದುರ್ಗಕ್ಕೆ ಸೇರಿವೆ. ತುಮಕೂರು ಸಾಮಾನ್ಯ ಸ್ಥಾನ; ಚಿತ್ರದುರ್ಗವು ಪರಿಶಿಷ್ಟ ಜಾತಿಯವರಿಗೆ ಮೀಸಲು. ವಿಧಾನಸಭೆಯ ಮಟ್ಟಿಗಾದರೋ ಕೊರಟಗೆರೆ, ಪಾವಗಡಗಳು ಮೀಸಲು. ಮಧುಗಿರಿ, ಶಿರಾಗಳು ಸಾಮಾನ್ಯ. ಹೀಗಾಗಿ ಮಧುಗಿರಿಯಲ್ಲಿ ಎರಡೂ ಸಾಮಾನ್ಯ, ಪಾವಗಡದಲ್ಲಿ ಎರಡೂ ಮೀಸಲು; ಕೊರಟಗೆರೆಯಲ್ಲಿ ವಿಧಾನಸಭೆಯ ಸ್ಥಾನ ಮಾತ್ರ, ಶಿರಾದಲ್ಲಿ ಲೋಕಸಭೆಯ ಸ್ಥಾನ ಮಾತ್ರ ಮೀಸಲು. ನೆರೆಹೊರೆಯ ನಾಲ್ಕೆಡೆಗಳಲ್ಲಿ ನಾಲ್ಕು ಬಗೆ!

ಇದು ಆಕಸ್ಮಿಕದಂತೆ ತೋರಿದರೂ ಇದರ ಹಿಂದೆ ಒಂದು ನಿಯಮವುಂಟು. ಪರಿಶಿಷ್ಟ ಜಾತಿಯವರ ಪ್ರಮಾಣ ಹೆಚ್ಚಾಗಿರುವ ಪ್ರದೇಶಗಳಲ್ಲಿ, ಆದರೆ ರಾಜ್ಯದ ಬೇರೆ ಬೇರೆ ಭಾಗಗಳಿಗೆ ಹರಡುವಂತೆ, ಈ ಸ್ಥಾನಗಳನ್ನು ಗೊತ್ತುಪಡಿಸಬೇಕು. 2001ರ ಜನಗಣತಿಯ ಆಧಾರದ ಮೇಲೆ ಕರ್ನಾಟಕದಲ್ಲಿ ಅವರಿಗೆ ವಿಧಾನಸಭೆಯಲ್ಲಿ 36, ಲೋಕಸಭೆಯಲ್ಲಿ 5 ಸ್ಥಾನಗಳು ಮೀಸಲಾದವು.

ಮೀಸಲು ಕ್ಷೇತ್ರದಲ್ಲಿ ಉಳಿದವರ ಮತಕ್ಕೆ ಬೆಲೆಯಿಲ್ಲವೆಂಬ ಮಾತನ್ನು ಕೇಳುವುದುಂಟು. ಇದು ತಪ್ಪು ತಿಳಿವಳಿಕೆ. ಹದಿನೆಂಟು ವರ್ಷ ತುಂಬಿ, ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರಿಗೂ, ಜಾತಿ ಯಾವುದೇ ಇರಲಿ, ಒಂದು ಮತವುಂಟು. ನಿರ್ಬಂಧವಿರುವುದು ಉಮೇದುವಾರನಿಗೆ ಮಾತ್ರ. ಅವನಿಗೆ 25 ವರ್ಷ ತುಂಬಿರಬೇಕು. ವಿಧಾನಸಭೆಗಾದರೆ ರಾಜ್ಯದ ಯಾವುದಾದರೊಂದು ಕ್ಷೇತ್ರದ ಮತದಾರನಾಗಿರಬೇಕು. ಆದುದರಿಂದ ಶಿರಾದ ಪರಿಶಿಷ್ಟ ಜಾತಿಯ ಮತದಾರನು ಪಾವಗಡದಲ್ಲಿ ನಿಲ್ಲಬಹುದು. ಮಧುಗಿರಿಯ ಸಾಮಾನ್ಯ ಸ್ಥಾನಕ್ಕೂ ನಿಲ್ಲಬಹುದು. ದೇಶದ ಮೊದಲ ಎರಡು ಮಹಾಚುನಾವಣೆಗಳಲ್ಲಿ ಕ್ರಮ ಬೇರೆಯಿತ್ತು: ಕೆಲವು ಕ್ಷೇತ್ರಗಳಿಂದ ಒಬ್ಬ ಸಾಮಾನ್ಯ, ಒಬ್ಬ ಮೀಸಲು ಪ್ರತಿನಿಧಿ ಹೀಗೆ ಇಬ್ಬರನ್ನು ಆರಿಸುತ್ತಿದ್ದರು, ಅಲ್ಲಿ ಮತದಾರನಿಗೆ ಎರಡು ಮತಗಳಿದ್ದವು. 1961ರ ಕಾನೂನು ಇದನ್ನು ರದ್ದುಮಾಡಿತು.

ಇನ್ನು ಎಣಿಕೆ. ನೂರು ಮತಗಳು ಮೂವರಿಗೆ 40, 35, 25ರಂತೆ ಹಂಚಿಹೋದವೆನ್ನೋಣ. ಅರವತ್ತು ಮಂದಿ ಬೇಡವೆಂದರೂ ಮೊದಲನೆಯವನೇ ಗೆದ್ದಂತೆ; ಅರ್ಧಕ್ಕಿಂತ ಹೆಚ್ಚು ಮತ ಬೇಕೆಂಬ ನಿಯಮ ನಮ್ಮಲ್ಲಿಲ್ಲ. ಸೋತವನು ಸಿಂಧುವಾದ ಮತಗಳಲ್ಲಿ ಆರನೆಯ ಒಂದು ಪಾಲಿಗಿಂತ ಹೆಚ್ಚು ಪಡೆಯದಿದ್ದರೆ ಠೇವಣಿಯನ್ನೂ ಕಳೆದುಕೊಳ್ಳುತ್ತಾನೆ. ವಿಧಾನಸಭೆಗೆ ಈ ಠೇವಣಿ 10,000 ರೂಪಾಯಿ. ಪರಿಶಿಷ್ಟರಿಗೆ ಅದರ ಅರ್ಧ.

ಪಕ್ಷದ ಹೆಸರಿನಲ್ಲಿ ಯಾರು ನಿಲ್ಲಬೇಕೆಂಬುದನ್ನು ಅಮೆರಿಕದಲ್ಲಿ ಬಹುಮಟ್ಟಿಗೆ ಮತದಾರರೇ ಪೂರ್ವಭಾವಿ ಚುನಾವಣೆಯಲ್ಲಿ ನಿರ್ಧರಿಸುತ್ತಾರೆ. ನಮ್ಮಲ್ಲಿ ಪಕ್ಷವು ಕೊಡುವ 'ಬಿ ಫಾರಂ' ಅದನ್ನು ನಿರ್ಧರಿಸುತ್ತದೆ. ಮತಗಟ್ಟೆಗೆ ಹೋಗುವ ವೇಳೆಗೆ ಗೆರೆ ಎಳೆದವರೂ ಪಕ್ಷದವರೂ ನಮ್ಮ ಆಯ್ಕೆಯನ್ನು ಬಹಳಷ್ಟು ಕಿರಿದುಗೊಳಿಸಿರುತ್ತಾರೆ. ಉಳಿದ ಆಯ್ಕೆಯನ್ನಾದರೂ ಕೈಬಿಡದಿರಬೇಕಾದರೆ ಪಟ್ಟಿಯಲ್ಲಿ ಹೆಸರಿದೆಯೇ ಎಂದು ಮೊದಲೇ ನೋಡಿಕೊಳ್ಳುವುದು ಲೇಸು.