ಇಲ್ಲಿ ಹುಕುಂ ಯಾರದು?

2014ರ ಫೆಬ್ರವರಿ. ಕ್ಯಾಲಿಫೋರ್ನಿಯಾದ ಚುಲಾ ವಿಸ್ಟಾದಲ್ಲಿ ರಾತ್ರಿ ಹೊತ್ತು ಹೆದ್ದಾರಿಯಲ್ಲಿ ಕಾರೊಂದು ಮಗುಚಿ ಬಿತ್ತು. ಅಗ್ನಿಶಾಮಕ ಸಿಬ್ಬಂದಿ ಗಾಯಾಳುಗಳ ಆರೈಕೆಗೆ ಇಳಿದಿದ್ದರು. ಅಷ್ಟರಲ್ಲಿ ಬಂದ ಹೆದ್ದಾರಿ ಗಸ್ತಿನ ಪೊಲೀಸ್ ಅಧಿಕಾರಿ, ಲೇನಿನಲ್ಲಿ ನಿಂತಿದ್ದ ಅಗ್ನಿಶಾಮಕ ವಾಹನವನ್ನು ತೆಗೆಯಲು ಹೇಳಿದ. ಸಿಬ್ಬಂದಿಯೊಬ್ಬ ಒಪ್ಪಲಿಲ್ಲ. ಗಾಯಾಳುವಿನ ಬಳಿ ಕೆಲಸ ಮಾಡುತ್ತಿದ್ದ ಅವನ ಕೈಗೇ ಬೇಡಿ ಬಿತ್ತು. ಸುಮಾರು ಅರ್ಧ ಗಂಟೆ ಪೊಲೀಸ್ ಕಾರಿನಲ್ಲಿ ಕೂರಿಸಿ ಬಿಟ್ಟು ಕಳುಹಿಸಿದರು. ಇಷ್ಟೂ ಟಿವಿ ಕ್ಯಾಮೆರಾದ ಮುಂದೆಯೇ ನಡೆಯಿತು.

ಪೊಲೀಸನ ದರ್ಪ ಎಂದು ಬೈದು ಮುಗಿಸುವ ವಿಷಯವಲ್ಲ ಇದು. ಅಗ್ನಿಶಾಮಕದವರು ಭಾರೀ ವಾಹನವನ್ನು ಬೇಕೆಂದೇ ಅಡ್ಡ ನಿಲ್ಲಿಸುತ್ತಾರೆ. ಹಿಂದಿನಿಂದ ನುಗ್ಗಿ ಬರುವ ಕಾರು ಮನುಷ್ಯರಿಗೆ ಗುದ್ದುವ ಮೊದಲು ಕಬ್ಬಿಣಕ್ಕೆ ಗುದ್ದಲಿ ಎಂದು. ಪೊಲೀಸರಿಗೆ ಇರುವ ಭಯವೇ ಬೇರೆ. ಲೇನು ಮುಚ್ಚಿದಷ್ಟೂ ಹಿಂದೆ ಸಾಲು ಬೆಳೆಯುತ್ತದೆ, ಆ ಸಾಲಿನ ಬಾಲದಲ್ಲಿ ಇನ್ನೊಂದು ಅಪಘಾತವಾಗುತ್ತದೆ. ಎರಡೂ ನಿಜ. ಆ ರಾಜ್ಯದ ಕಾನೂನು ಅಪಘಾತ ಸ್ಥಳದ ಉಸ್ತುವಾರಿಯನ್ನು ಪೊಲೀಸರಿಗೆ, ಗಾಯಾಳುವಿನ ಆರೈಕೆಯ ಅಧಿಕಾರವನ್ನು ವೈದ್ಯಕೀಯ ತರಬೇತಿ ಪಡೆದವರಿಗೆ ಹಂಚಿಕೊಟ್ಟಿದೆ. ಹಾಗಾದರೆ ಗಾಯಾಳುವಿಗೆ ಮರೆಯಾಗಿ ನಿಂತ ಗಾಡಿ ಸಂಚಾರದ ವಿಷಯವೋ, ಆರೈಕೆಯ ವಿಷಯವೋ? ಜಗಳ ಹುಟ್ಟಿದ್ದು ಅಲ್ಲಿ.

ಈ ಹಗೆತನಕ್ಕೆ ತವರೂರು ನ್ಯೂಯಾರ್ಕ್. ಅಲ್ಲಿನ ಪೊಲೀಸ್ ಇಲಾಖೆಗೆ ತನ್ನದೇ ರಕ್ಷಣಾ ದಳವಿದೆ, ಮುಳುಗುಗಾರರಿದ್ದಾರೆ, ಹೆಲಿಕಾಪ್ಟರುಗಳಿವೆ. ಅಗ್ನಿಶಾಮಕ ಇಲಾಖೆಯೂ ರಕ್ಷಣಾ ತಂಡಗಳನ್ನು ಸಾಕಿಕೊಂಡಿದೆ. ಒಂದೇ ಕೆಲಸಕ್ಕೆ ಇಬ್ಬರು ವಾರಸುದಾರರು. 1993ರಲ್ಲಿ ವಿಶ್ವ ವಾಣಿಜ್ಯ ಕೇಂದ್ರದಲ್ಲಿ ಬಾಂಬ್ ಸಿಡಿದಾಗ ಪೊಲೀಸ್ ಹೆಲಿಕಾಪ್ಟರುಗಳು ಛಾವಣಿಯ ಮೇಲಿಂದ ಜನರನ್ನು ಎತ್ತಿದ್ದವು. ಅಗ್ನಿಶಾಮಕ ಮುಖ್ಯಸ್ಥರಿಗೆ ಅದು ಹಿಡಿಸಲಿಲ್ಲ. ನಗರದ ತುರ್ತು ನಿರ್ವಹಣೆಗೆಂದು, ಇಲಾಖೆಗಳ ನಡುವೆ ಸಮನ್ವಯ ತರಲೆಂದು 1996ರಲ್ಲಿ ಮೇಯರ್ ರುಡಿ ಜಿಯುಲಿಯಾನಿ ಪ್ರತ್ಯೇಕ ಕಚೇರಿಯನ್ನೇ ತೆರೆದರು. ಅದರ ಕಮಾಂಡ್ ಸೆಂಟರ್ ಇದ್ದದ್ದು ಅದೇ ವಾಣಿಜ್ಯ ಕೇಂದ್ರದ 7ನೇ ಕಟ್ಟಡದಲ್ಲಿ! 2001ರ ಸೆಪ್ಟೆಂಬರ್ 11ರ ಬೆಳಿಗ್ಗೆ ಕೇಂದ್ರದ ಅವಳಿ ಗೋಪುರಗಳ ಮೇಲೆ ವಿಮಾನ ದಾಳಿಯಾದಾಗ ಅದನ್ನೇ ಖಾಲಿ ಮಾಡಿಸಬೇಕಾಯಿತು.

ಆ ದಿನ 9.59ಕ್ಕೆ ದಕ್ಷಿಣ ಗೋಪುರ ಕುಸಿಯಿತು. ಉತ್ತರ ಗೋಪುರವೂ ಹೆಚ್ಚು ಹೊತ್ತು ನಿಲ್ಲದು ಎಂದು ಮೇಲೆ ಹಾರುತ್ತಿದ್ದ ಪೊಲೀಸ್ ಪೈಲಟ್ ರೇಡಿಯೋದಲ್ಲಿ ಹೇಳಿದ. ಅದು ಪೊಲೀಸ್ ರೇಡಿಯೋ. ಅಗ್ನಿಶಾಮಕದ ಮುಖ್ಯಸ್ಥರ ಕಿವಿಗೆ ಆ ಮಾತು ಬೀಳುವ ದಾರಿಯೇ ಇರಲಿಲ್ಲ. ಅವರೂ ತಮ್ಮವರಿಗೆ ಹೊರಬರುವಂತೆ ಆಜ್ಞೆ ಕೊಟ್ಟಿದ್ದರು. ಅನೇಕರಿಗೆ ಅದು ಕೇಳಿಸಲಿಲ್ಲ. 10.28ಕ್ಕೆ ಉತ್ತರ ಗೋಪುರವೂ ಬಿತ್ತು. ಆ ದಿನ ಸತ್ತ ಅಗ್ನಿಶಾಮಕ ಸಿಬ್ಬಂದಿ 343. ಈ ಸಾವುಗಳಲ್ಲಿ ಎಷ್ಟು ಸಮನ್ವಯದ ಕೊರತೆಯಿಂದ ಆದವು ಎಂದು ಲೆಕ್ಕ ಹಾಕಲು ತನಿಖಾ ಆಯೋಗ ಒಪ್ಪಲಿಲ್ಲ. ಅದು ಸರಿಯಾದ ಎಚ್ಚರವೇ.

ಇಷ್ಟಾದ ಮೇಲಾದರೂ ಪಾಠ ಕಲಿತರೇ? 2005ರಲ್ಲಿ ಮೇಯರ್ ಬ್ಲೂಮ್‌ಬರ್ಗ್ ಹೊಸ ನಿಯಮಾವಳಿ ತಂದರು. ಅಪಾಯಕಾರಿ ರಾಸಾಯನಿಕಗಳ ಘಟನೆಗಳಲ್ಲಿ ಮೊದಲ ಹುಕುಂ ಪೊಲೀಸರದು ಎಂದಾಯಿತು. ಅಗ್ನಿಶಾಮಕ ಇಲಾಖೆಯ ಆಗಿನ ಮುಖ್ಯಸ್ಥ ಪೀಟರ್ ಹೇಡನ್ ನಗರ ಸಭೆಯ ಮುಂದೆಯೇ ಇದನ್ನು ವಿರೋಧಿಸಿದರು. (2014ರಲ್ಲಿ ಇವೆರಡು ಇಲಾಖೆಗಳ ನಡುವಿನ ಸಹಾಯಾರ್ಥ ಹಾಕಿ ಪಂದ್ಯದ ನಡುವೆಯೇ ಸಾಮೂಹಿಕ ಗುದ್ದಾಟವಾಯಿತು. ಆಟಕ್ಕೂ ರೆಫರಿ ಸಾಲಲಿಲ್ಲ.)

ಜಗಳವೇ ಇಲ್ಲದಿದ್ದರೆ ಎಲ್ಲ ಸರಿಯೇ? ಮ್ಯಾಂಚೆಸ್ಟರ್ ನೋಡಿ. 2017ರ ಮೇ 22ರ ರಾತ್ರಿ 10.31ಕ್ಕೆ ಅಲ್ಲಿನ ಅರೆನಾ ಸಭಾಂಗಣದಲ್ಲಿ ಬಾಂಬ್ ಸಿಡಿದು 22 ಜನ ಸತ್ತರು. ಅರ್ಧ ಮೈಲಿ ದೂರದ ಅಗ್ನಿಶಾಮಕ ಠಾಣೆಯಲ್ಲಿದ್ದವರಿಗೆ ಸದ್ದು ಕೇಳಿಸಿತ್ತು. ಆದರೂ ಅವರು ಸ್ಥಳ ತಲುಪಿದ್ದು ಎರಡು ಗಂಟೆಗೂ ಹೆಚ್ಚು ತಡವಾಗಿ. ಬಂದೂಕುಧಾರಿಗಳೂ ಇರಬಹುದೆಂದು ಪೊಲೀಸ್ ಕರ್ತವ್ಯಾಧಿಕಾರಿ ವಿಶೇಷ ಕಾರ್ಯಾಚರಣೆ ಘೋಷಿಸಿದ, ಉಳಿದ ಸೇವೆಗಳಿಗೆ ತಿಳಿಸಲಿಲ್ಲ. ಅಗ್ನಿಶಾಮಕದ ಅಧಿಕಾರಿ ಫೋನ್ ಮಾಡಿದರೆ ಆತ ಸಿಗಲಿಲ್ಲ. ಗಾಡಿಗಳನ್ನು ಘಟನಾ ಸ್ಥಳದಿಂದ ದೂರದ ಠಾಣೆಗೆ ಕಳುಹಿಸಿ ಕಾಯಿಸಲಾಯಿತು. ಅತ್ತ ಸ್ಟ್ರೆಚರುಗಳಿಲ್ಲದೆ ಗಾಯಾಳುಗಳನ್ನು ಜಾಹೀರಾತು ಹಲಗೆಗಳ ಮೇಲೆ ಹೊತ್ತು ತಂದರು. ಒಬ್ಬನೇ ಅಧಿಕಾರಿಯ ಮೇಲೆ ಇಷ್ಟೊಂದು ಹೊರೆ ಬೀಳುತ್ತದೆಂಬುದು ಮೊದಲಿನ ಅಣಕು ಕಾರ್ಯಾಚರಣೆಗಳಲ್ಲೇ ಗೊತ್ತಾಗಿತ್ತು. ಯಾರೂ ಸರಿಪಡಿಸಿರಲಿಲ್ಲ.

ಕರ್ನಾಟಕದಲ್ಲಿ ಪೊಲೀಸರೂ ಅಗ್ನಿಶಾಮಕದವರೂ ಗೃಹ ಇಲಾಖೆಯ ಅಡಿಯಲ್ಲೇ ಇದ್ದಾರೆ. ಅಗ್ನಿಶಾಮಕ ಇಲಾಖೆಯ ನೇತೃತ್ವ ವಹಿಸುವವರೂ ಐಪಿಎಸ್ ಅಧಿಕಾರಿಗಳೇ. ಮೇಲೆ ಜಗಳಕ್ಕೆ ಜಾಗ ಕಡಿಮೆ. ಆದರೆ ಚುಲಾ ವಿಸ್ಟಾದಲ್ಲಿ ಜಟಾಪಟಿಯಾದದ್ದು ಕಚೇರಿಯಲ್ಲಲ್ಲ, ರಸ್ತೆಯಲ್ಲಿ. ನಿಮ್ಮ ಅಪಾರ್ಟ್‌ಮೆಂಟಿನಲ್ಲೋ ಕಚೇರಿಯಲ್ಲೋ ಅಣಕು ಕಾರ್ಯಾಚರಣೆ ನಡೆಯುವುದಿದ್ದರೆ ಅಗ್ನಿಶಾಮಕದವರ ಜೊತೆ ಸ್ಥಳೀಯ ಪೊಲೀಸ್ ಠಾಣೆಯವರನ್ನೂ ಕರೆಸಿ. ಗೇಟಿನ ಮುಂದೆ ಗಾಡಿ ಎಲ್ಲಿ ನಿಲ್ಲಬೇಕು, ಅದನ್ನು ಹೇಳುವವರು ಯಾರು ಎಂದು ಇಬ್ಬರನ್ನೂ ಅಲ್ಲೇ ಕೇಳಿಬಿಡಿ.