ಹೊಸ ತಂತ್ರಾಂಶಕ್ಕೆ ಮೊದಲ ದಿನದಿಂದಲೇ ದಾಖಲೆ

ನುಡಿಯ ಹಳೆಯ ಫಾಂಟ್‌ಗಳಲ್ಲಿ ಟೈಪು ಮಾಡಿಟ್ಟ ಪಾಠಟಿಪ್ಪಣಿಗಳೂ ಪ್ರಶ್ನೆಪತ್ರಿಕೆಗಳೂ ಆ ಫಾಂಟ್ ಇಲ್ಲದ ಗಣಕಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಚಿಹ್ನೆಗಳಾಗಿ ಕಾಣುತ್ತವೆ. ಕರ್ನಾಟಕದ ಹೊರಗಿನ ಕಚೇರಿಗಳಲ್ಲಿ ಆ ಫಾಂಟ್‌ಗಳು ಇದ್ದೇ ಇರುತ್ತವೆಂದು ನಂಬುವಂತಿಲ್ಲ. ಇಂತಹ ಬರಹವನ್ನು ಯೂನಿಕೋಡ್‌ಗೆ ತರುವ ಪುಟ್ಟ ತಂತ್ರಾಂಶವೊಂದನ್ನು ಗಣಕಜ್ಞಾನವುಳ್ಳ ಇಬ್ಬರು ಮೂವರು ಶಿಕ್ಷಕರು ಸೇರಿ ರಚಿಸುವುದು ಅಸಾಧ್ಯವೇನಲ್ಲ. ತೊಡಕು ಎದುರಾಗುವುದು ಮುಂದಿನ ತಿದ್ದುಪಡಿಗಳಲ್ಲಿ. ಹಳೆಯ ಸಂಕೇತಕ್ರಮದಲ್ಲಿ ಅರ್ಕಾವತ್ತು, ಕಣ್ಣಿಗೆ ಕಾಣುವಂತೆಯೇ, ವ್ಯಂಜನದ ಅನಂತರ ಬರುತ್ತದೆ. ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ‘ಅರ್ಥ’ವನ್ನು ಸರಿಯಾಗಿ ಪರಿವರ್ತಿಸುವ ನಿಯಮವು ಒತ್ತಕ್ಷರವೂ ಸೇರಿರುವ ‘ಮರ್ತ್ಯ’ದಲ್ಲಿ ಸೋಲಬಹುದು, ಅದನ್ನು ತಿದ್ದಹೋದಾಗ ಮೊದಲಿನದು ಕೆಡಬಹುದು. ಯಾವ ತಿದ್ದುಪಡಿಯಿಂದ ಕೆಟ್ಟಿತೆಂದು ತಿಳಿಯಲು ದಾಖಲೆ ಬೇಕು.

ಆ ದಾಖಲೆಯನ್ನಿಡುವ ಸಾಧನ ಗಿಟ್. ಲಿನಕ್ಸ್ ಕರ್ನಲ್‌ನ ಅಭಿವೃದ್ಧಿಗಾಗಿ ಲೀನಸ್ ಟೋರ್ವಾಲ್ಡ್ಸ್ 2005ರಲ್ಲಿ ಇದನ್ನು ರಚಿಸಿದರು. ಇದು ಉಚಿತವಾಗಿ ದೊರೆಯುತ್ತದೆ. ಒಂದು ಸಾಲನ್ನೂ ಬರೆಯುವ ಮೊದಲೇ, ಖಾಲಿ ಫೋಲ್ಡರಿನಲ್ಲಿ ‘ಗಿಟ್ ಇನಿಟ್’ ಆದೇಶ ಕೊಡುವುದು ಉತ್ತಮ. ಮೊದಲ ಕಮಿಟ್‌ನಲ್ಲಿ ತಂತ್ರಾಂಶದ ಉದ್ದೇಶವನ್ನು ತಿಳಿಸುವ ರೀಡ್‌ಮಿ ಕಡತ, ಇತರ ಶಾಲೆಯವರು ಬಳಸಲು ಮತ್ತು ತಿದ್ದಲು ಅನುಮತಿ ನೀಡುವ ಪರವಾನಗಿ, ದಾಖಲೆಗೆ ಸೇರಬಾರದ ಕಡತಗಳ ಪಟ್ಟಿಯಾದ ಗಿಟ್‌ಇಗ್ನೋರ್, ಇಷ್ಟಿದ್ದರೆ ಸಾಕು. ಕೊನೆಯದರ ಬಗ್ಗೆ ವಿಶೇಷ ಎಚ್ಚರ ಅಗತ್ಯ. ಮಾದರಿಗೆಂದು ತಂದ ಅಂಕಪಟ್ಟಿಯೊಂದು ಒಮ್ಮೆ ಕಮಿಟ್ ಆದರೆ, ಕಡತವನ್ನು ಅಳಿಸಿದರೂ ಹಿಂದಿನ ಆವೃತ್ತಿಗಳಲ್ಲಿ ಮಕ್ಕಳ ಹೆಸರುಗಳು ಉಳಿದೇ ಇರುತ್ತವೆ.

ಒಂದು ಕಮಿಟ್‌ಗೆ ಒಂದೇ ವಿಷಯ. ತಪ್ಪಿದ ಪದವನ್ನು ಮೊದಲು ಪರೀಕ್ಷಾಪಟ್ಟಿಗೆ ಸೇರಿಸಿ, ಬಳಿಕ ನಿಯಮವನ್ನು ತಿದ್ದಿ, ಪಟ್ಟಿಯ ಎಲ್ಲ ಪದಗಳೂ ಸರಿಬಂದ ಮೇಲೆ ಎರಡನ್ನೂ ಒಟ್ಟಿಗೆ ದಾಖಲಿಸಬೇಕು. ‘ತಿದ್ದಲಾಗಿದೆ’ ಎಂಬ ಟಿಪ್ಪಣಿಯಿಂದ ಯಾರಿಗೂ ಉಪಯೋಗವಿಲ್ಲ. ‘ಒತ್ತಕ್ಷರವಿದ್ದಾಗ ಅರ್ಕಾವತ್ತಿನ ಸ್ಥಾನ ಬದಲಿಸಿದೆ’ ಎಂದರೆ ಆರು ತಿಂಗಳ ಬಳಿಕವೂ ಅರ್ಥವಾಗುತ್ತದೆ. ಟಿಪ್ಪಣಿ ಕನ್ನಡದಲ್ಲಿರಲು ಗಿಟ್‌ನ ಅಡ್ಡಿಯಿಲ್ಲ.

ಕನ್ನಡಕ್ಕೇ ಸಂಬಂಧಿಸಿದ ಸೂಕ್ಷ್ಮವೊಂದಿದೆ. ‘ಕೊ’ ಅಕ್ಷರದ ಒಕಾರವನ್ನು ಒಂದೇ ಸಂಕೇತವಾಗಿ ಬರೆಯಬಹುದು. ಎಕಾರ, ಊಕಾರಗಳ ಎರಡು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಗಿಟ್‌ಗೆ ಬೇರೆ ಬೇರೆ. ಆದ್ದರಿಂದ ಏನೂ ಬದಲಾಗದ ಸಾಲುಗಳೂ ಬದಲಾದಂತೆ ತೋರುತ್ತವೆ. ಯಾವ ರೂಪವನ್ನು ಬಳಸಬೇಕೆಂಬುದನ್ನು ಆರಂಭದಲ್ಲೇ ನಿರ್ಧರಿಸಿ ರೀಡ್‌ಮಿಯಲ್ಲಿ ಬರೆದಿಡಬೇಕು.

ಬೇರೆ ಶಾಲೆಗೆ ಕಳುಹಿಸುವ ಪ್ರತಿಗೆ 0.1.0 ಎಂಬಂತೆ ಟ್ಯಾಗ್ ನೀಡಬೇಕು. ಒಮ್ಮೆ ಕೊಟ್ಟ ಸಂಖ್ಯೆಯನ್ನು ಬೇರೊಂದು ಪ್ರತಿಗೆ ಕೊಡಬಾರದು. ಮುಂದಿನ ತಿದ್ದುಪಡಿ 0.1.1 ಆಗುತ್ತದೆ. ಇಡೀ ದಾಖಲೆಯ ನಕಲೊಂದು ಮತ್ತೊಂದು ಗಣಕಯಂತ್ರದಲ್ಲಿಯೂ ಇರಬೇಕು.