ಯಾಗೊದಿನಾದ ‘ಪಾಲ್ಮಾ’

ಕೊಲ್ಲಿಯಲ್ಲಿ ದುಡಿಯುವ ನಮಗೆ ಖರ್ಜೂರದ ಮರ ಹೊಸದಲ್ಲ. ಬಿಸಿಲಿನಲ್ಲಿ ಕಂಪನಿ ಬಸ್ಸಿಗೆ ಕಾಯುವಾಗ ಸಿಗುವ ಚೂರು ನೆರಳು ಹೆಚ್ಚಾಗಿ ಅದರದೇ. ಈ ಜಾತಿಯ ಮರಕ್ಕೆ ಸರ್ಬಿಯನ್ ಭಾಷೆಯಲ್ಲಿ ‘ಪಾಲ್ಮಾ’ ಎನ್ನುತ್ತಾರೆ. ಚಳಿಗಾಲದಲ್ಲಿ ಹಿಮ ಬೀಳುವ ಆ ದೇಶದಲ್ಲಿ ಪಾಲ್ಮಾ ಎಂದರೆ ಜನರಿಗೆ ಮರಕ್ಕಿಂತ ಮೊದಲು ಒಬ್ಬ ಮನುಷ್ಯ ನೆನಪಾಗುತ್ತಿದ್ದ. ಅವನೇ ಯಾಗೊದಿನಾ ಪಟ್ಟಣದ ದ್ರಾಗಾನ್ ಮಾರ್ಕೊವಿಚ್. 2024ರ ನವೆಂಬರ್‌ನಲ್ಲಿ ಅವರು ತೀರಿಕೊಂಡಾಗ ವಯಸ್ಸು 64.

ದೂರದ ದೇಶದ ಈ ರಾಜಕಾರಣಿಯ ವಿಷಯ ನಮ್ಮ ಸಂಚಿಕೆಯಲ್ಲಿ ಯಾಕೆ ಎಂದು ನೀವು ಕೇಳಬಹುದು. ಊರು ಬಿಟ್ಟು ಬಂದವರೆಲ್ಲ ರಜೆಗೆ ಹೋದಾಗ ಕೇಳುವ ಪ್ರಶ್ನೆ ಒಂದೇ: “ನಮ್ಮೂರಿಗೆ ಯಾರು ಏನು ಮಾಡಿದರು?” ಪಾಲ್ಮಾ ಅವರ ಇಡೀ ರಾಜಕೀಯ ಈ ಪ್ರಶ್ನೆಯ ಮೇಲೆಯೇ ನಿಂತಿತ್ತು.

ಯಾಗೊದಿನಾ ಇರುವುದು ರಾಜಧಾನಿ ಬೆಲ್‌ಗ್ರೇಡ್‌ನಿಂದ ದಕ್ಷಿಣಕ್ಕೆ, ಹೆದ್ದಾರಿಯಲ್ಲಿ ಎರಡು ಗಂಟೆಯೊಳಗೆ ತಲುಪಬಹುದಾದ ದೂರದಲ್ಲಿ. ಕಮ್ಯುನಿಸ್ಟರ ಕಾಲದಲ್ಲಿ ಅದರ ಹೆಸರು ಸ್ವೆತೊಜಾರೆವೊ. 1955ರಲ್ಲಿ ಶುರುವಾದ ಕೇಬಲ್ ಕಾರ್ಖಾನೆ ಸಾವಿರಾರು ಮನೆಗಳ ಒಲೆ ಉರಿಸಿತು. ಆಗಲೇ ಯುಗೊಸ್ಲಾವಿಯಾದಿಂದ ಲಕ್ಷಾಂತರ ಜನ ಕೂಲಿಗೆಂದು ಜರ್ಮನಿ, ಆಸ್ಟ್ರಿಯಾಗಳಿಗೂ ಹೋದರು. ಅಂಥವರನ್ನು ಅಲ್ಲಿ ‘ಗಾಸ್ತಾರ್‌ಬೈಟರ್’ ಎನ್ನುತ್ತಾರೆ, ಅಂದರೆ ಅತಿಥಿ ಕಾರ್ಮಿಕ. ಹೆಸರು ಬೇರೆಯಾದರೂ ಬದುಕು ನಮ್ಮದೇ. 1990ರ ದಶಕದಲ್ಲಿ ಯುಗೊಸ್ಲಾವಿಯಾ ಒಡೆಯಿತು. ಯುದ್ಧ, ಆರ್ಥಿಕ ದಿಗ್ಬಂಧನ, ಹಣದುಬ್ಬರ ಒಂದರ ಹಿಂದೆ ಒಂದು ಬಂದು ಇಂಥ ಕೈಗಾರಿಕಾ ಪಟ್ಟಣಗಳು ಸೊರಗಿದವು.

ಮಾರ್ಕೊವಿಚ್ ಹುಟ್ಟಿದ್ದು 1960ರಲ್ಲಿ, ಯಾಗೊದಿನಾ ಬಳಿಯ ಕೊಂಚಾರೆವೊ ಹಳ್ಳಿಯಲ್ಲಿ. ವ್ಯಾಪಾರದಲ್ಲಿ ಮೇಲೆ ಬಂದರು. ‘ಪಾಲ್ಮಾ ಪ್ಲಸ್’ ಎಂಬ ಟಿವಿ ವಾಹಿನಿಯೂ ಅವರದಾಗಿತ್ತು. ರಾಜಕೀಯಕ್ಕೆ ಬಂದ ದಾರಿ ಮಾತ್ರ ಹೆಮ್ಮೆಪಡುವಂಥದ್ದಲ್ಲ. ಅವರು ಮೊದಲು ಇದ್ದದ್ದು ‘ಆರ್ಕಾನ್’ ಎಂದೇ ಕುಖ್ಯಾತನಾದ ಅರೆಸೇನಾ ಪಡೆಯ ನಾಯಕ ಜೆಲ್ಕೊ ರಾಜ್ನಾತೊವಿಚ್ ಕಟ್ಟಿದ ಪಕ್ಷದಲ್ಲಿ. ಯುದ್ಧಾಪರಾಧಗಳ ಆರೋಪ ಹೊತ್ತಿದ್ದ ಆರ್ಕಾನ್ 2000ದ ಜನವರಿಯಲ್ಲಿ ಬೆಲ್‌ಗ್ರೇಡ್‌ನ ಹೋಟೆಲೊಂದರಲ್ಲಿ ಕೊಲೆಯಾದ. ಅದೇ ವರ್ಷದ ಡಿಸೆಂಬರ್ ಚುನಾವಣೆಯಲ್ಲಿ ಆ ಪಕ್ಷಕ್ಕೆ 14 ಸ್ಥಾನ ಸಿಕ್ಕಿ, ಮಾರ್ಕೊವಿಚ್ ಸಂಸತ್ತು ಪ್ರವೇಶಿಸಿದರು. 2004ರಲ್ಲಿ ಹಳೆಯ ಪಕ್ಷದಿಂದ ಹೊರಬಂದು ‘ಯೆದಿನ್‌ಸ್ತ್ವೆನಾ ಸರ್ಬಿಯಾ’, ಅಂದರೆ ‘ಒಗ್ಗಟ್ಟಿನ ಸರ್ಬಿಯಾ’ ಎಂಬ ಸ್ವಂತ ಪಕ್ಷ ಕಟ್ಟಿದರು. ಅದೇ ವರ್ಷ ಯಾಗೊದಿನಾದ ಮೇಯರ್ ಆದರು.

ಅಲ್ಲಿಂದ ಮುಂದೆ ಊರಿನ ಚಹರೆ ಬದಲಾಯಿತು. 2006ರಲ್ಲಿ ಮೃಗಾಲಯ, 2007ರಲ್ಲಿ ವಾಟರ್ ಪಾರ್ಕ್, ಮರುವರ್ಷ ಮೇಣದ ಗೊಂಬೆಗಳ ಮ್ಯೂಸಿಯಂ. ಮಂಕಾಗಿದ್ದ ಕಾರ್ಖಾನೆ ಪಟ್ಟಣಕ್ಕೆ ಬಸ್ಸುಗಟ್ಟಲೆ ಶಾಲಾಮಕ್ಕಳು ಪ್ರವಾಸ ಬರತೊಡಗಿದರು. ಊರಿನವರನ್ನೂ ಅವರು ಹೊರಗೆ ಕಳಿಸಿದರು. ವಿದ್ಯಾರ್ಥಿಗಳಿಗೆ ವಿಯೆನ್ನಾ, ಇನ್ನು ಕೆಲವರಿಗೆ ಗ್ರೀಸಿನ ಕಡಲತೀರ, ಎಲ್ಲವೂ ಪುಕ್ಕಟೆ. ಸರ್ಬಿಯಾಕ್ಕೆ ಕಡಲಿಲ್ಲ. ಕಡಲನ್ನೇ ಕಾಣದ ಮನೆಯ ಮಗುವೊಂದು ಮೊದಲ ಸಲ ಅಲೆಗೆ ಕಾಲು ಕೊಟ್ಟಾಗ, ಕರೆದೊಯ್ದವನ ಹೆಸರನ್ನು ಆ ಮನೆ ಮರೆಯುತ್ತದೆಯೇ?

ಊರಿನ ಈ ಬಲವೇ ಅವರನ್ನು ದೇಶದ ಮಟ್ಟದಲ್ಲೂ ನಿಲ್ಲಿಸಿತು. ಸರ್ಬಿಯಾದ ಸಂಸತ್ತಿನಲ್ಲಿ 250 ಸ್ಥಾನ, ಬಹುಮತಕ್ಕೆ 126 ಬೇಕು. ನಮ್ಮಲ್ಲಿರುವಂತೆ ಕ್ಷೇತ್ರಕ್ಕೊಬ್ಬ ಸದಸ್ಯ ಅಲ್ಲಿಲ್ಲ. ಇಡೀ ದೇಶವೇ ಒಂದು ಕ್ಷೇತ್ರ, ಪಟ್ಟಿಗೆ ಬಿದ್ದ ಮತಗಳ ಪ್ರಮಾಣದಲ್ಲಿ ಸ್ಥಾನ. ಹಾಗಾಗಿ ಸಣ್ಣ ಪಕ್ಷಗಳು ದೊಡ್ಡ ಪಟ್ಟಿಯ ಜೊತೆ ಸೇರಿಕೊಳ್ಳುತ್ತವೆ. 2007ರಲ್ಲಿ ಪಾಲ್ಮಾ ರಾಷ್ಟ್ರೀಯವಾದಿ ಪ್ರಧಾನಿ ಕೊಷ್ಟುನಿತ್ಸಾ ಅವರ ಕೂಟದಲ್ಲಿದ್ದರು. 2008ರಲ್ಲಿ ಸಮಾಜವಾದಿಗಳ ಮತ್ತು ಪಿಂಚಣಿದಾರರ ಪಕ್ಷದ ಜೊತೆ ಸೇರಿದರು.

ಆ ಚುನಾವಣೆಯ ಲೆಕ್ಕ ಸ್ವಾರಸ್ಯವಾಗಿದೆ. ಯುರೋಪ್ ಒಕ್ಕೂಟದ ಪರವಿದ್ದ ಡೆಮಾಕ್ರಟಿಕ್ ಪಕ್ಷದ ಕೂಟಕ್ಕೆ 102. ಕಟ್ಟಾ ರಾಷ್ಟ್ರೀಯವಾದಿ ರ‍್ಯಾಡಿಕಲ್‌ಗಳಿಗೆ 78, ಕೊಷ್ಟುನಿತ್ಸಾ ಕೂಟಕ್ಕೆ 30. ಸಮಾಜವಾದಿಗಳ ಕೂಟಕ್ಕೆ ಬರೀ 20, ಅದರಲ್ಲಿ ಪಾಲ್ಮಾ ಪಕ್ಷದ್ದು ಮೂರೇ. ಆದರೆ ಆ 20 ರಾಷ್ಟ್ರೀಯವಾದಿಗಳ ಕಡೆ ವಾಲಿದರೆ ಅವರಿಗೆ 128. ಡೆಮಾಕ್ರಟಿಕ್ ಪಕ್ಷದ ಕಡೆ ವಾಲಿದರೆ ಅಲ್ಪಸಂಖ್ಯಾತ ಪಕ್ಷಗಳ ಬೆಂಬಲದಿಂದ ಅವರದೇ ಸರ್ಕಾರ. ತಕ್ಕಡಿ ಕೈಯಲ್ಲಿದ್ದವರು ಎರಡನೆಯದನ್ನು ಆರಿಸಿಕೊಂಡರು. ಆರ್ಕಾನ್‌ನ ಪಕ್ಷದಿಂದ ಬಂದವರು ಯುರೋಪ್ ಪರ ಸರ್ಕಾರಕ್ಕೆ ಹೆಗಲು ಕೊಟ್ಟರು. 2012ರಲ್ಲಿ ಗಾಳಿ ಬದಲಾದಾಗ ಅದೇ ಕೂಟ ಡೆಮಾಕ್ರಟಿಕ್ ಪಕ್ಷವನ್ನು ಬಿಟ್ಟು ಹೊಸ ಆಳುವವರ ಜೊತೆ ಕೂಡಿತು. ಪಾಲ್ಮಾ ಮೇಯರ್ ಕುರ್ಚಿ ಬಿಟ್ಟು ನಗರಸಭೆಯ ಅಧ್ಯಕ್ಷರಾದರು. ಕುರ್ಚಿ ಬದಲಾದರೂ ಊರಿನ ಯಜಮಾನಿಕೆ ಅವರದೇ ಆಗಿತ್ತು.

ಟೀಕೆಗಳೂ ಕಡಿಮೆಯಿರಲಿಲ್ಲ. ಸಲಿಂಗಿಗಳ ಮೆರವಣಿಗೆಯ ವಿರುದ್ಧ ಅವರಾಡಿದ ಮಾತು ಅನೇಕರನ್ನು ನೋಯಿಸಿತು. 2021ರಲ್ಲಿ ವಿರೋಧ ಪಕ್ಷದವರು ಗಂಭೀರ ಆರೋಪಗಳನ್ನೇ ಹೊರಿಸಿದರು. ಅವರು ಎಲ್ಲವನ್ನೂ ನಿರಾಕರಿಸಿದರು.

ಇವರನ್ನು ಹೇಗೆ ಅಳೆಯುವುದು? ಮೃಗಾಲಯ ಸುಳ್ಳಲ್ಲ, ಕಡಲು ಕಂಡ ಮಕ್ಕಳ ಸಂತೋಷವೂ ಸುಳ್ಳಲ್ಲ. ದೊಡ್ಡ ಮಾತಾಡಿ ಊರಿಗೆ ಒಂದು ಚರಂಡಿಯನ್ನೂ ಮಾಡಿಸದವರನ್ನು ನಾವು ನೋಡಿದ್ದೇವೆ, ಅವರಿಗಿಂತ ಇವರು ವಾಸಿ ಎನ್ನಬಹುದು. ಆದರೆ ಎಲ್ಲವೂ ಒಬ್ಬನ ಕೈಯಿಂದ ಉಡುಗೊರೆಯಾಗಿ ಬಂದಾಗ ಪ್ರಜೆ ಋಣಿಯಾಗುತ್ತಾನೆ. ಋಣಿಯಾದವನು ಲೆಕ್ಕ ಕೇಳುವುದಿಲ್ಲ. ಕೇಳಿದರೆ “ಉಂಡ ಮನೆಗೆ ಎರಡು ಬಗೆಯುತ್ತಾನೆ” ಎಂಬ ಮಾತು ಬರುತ್ತದೆ. ಕೊಟ್ಟವನು ಹೋದ ಮೇಲೆ ಮುಂದಿನ ವರ್ಷದ ಪ್ರವಾಸ ಯಾರದು, ಮೃಗಾಲಯದ ಖರ್ಚು ಯಾರದು ಎಂಬ ಪ್ರಶ್ನೆಗೆ ಉತ್ತರ ಹೇಳಬೇಕಾದದ್ದು ಊರಿನ ವ್ಯವಸ್ಥೆಯೇ ಹೊರತು ಹೆಸರಲ್ಲ.

ಈ ಮಾತು ನಮಗೂ ಅನ್ವಯಿಸುತ್ತದೆ. ನಾವೂ ಊರಿಗೆ ಹಣ ಕಳಿಸಿ ಶಾಲೆಗೆ ಕೊಠಡಿ, ಬಸ್ ನಿಲ್ದಾಣಕ್ಕೆ ಚಾವಣಿ ಕಟ್ಟಿಸುತ್ತೇವೆ, ಮೇಲೆ ಹೆಸರು ಬರೆಸುತ್ತೇವೆ. ತಪ್ಪೇನಿಲ್ಲ. ಆದರೆ ಆ ಶಾಲೆಗೆ ಮೇಷ್ಟ್ರು ಯಾಕಿಲ್ಲ ಎಂದು ಕೇಳುವ ಹಕ್ಕು ನಮಗೆ ದಾನಿಗಳಾಗಿ ಬರುವುದಲ್ಲ, ಮತದಾರರಾಗಿ ಬರುವುದು. ಸಂಸತ್ ಚುನಾವಣೆ ಬಂದರೆ ಹೊರದೇಶದಲ್ಲಿರುವ ಸರ್ಬಿಯನ್ನರು ತಮ್ಮ ರಾಯಭಾರ ಕಚೇರಿಗಳಲ್ಲೇ ಮತ ಹಾಕಬಹುದು. ನಮಗೆ ಆ ಅನುಕೂಲ ಇನ್ನೂ ಇಲ್ಲ. ಭಾರತೀಯ ಪಾಸ್‌ಪೋರ್ಟ್ ಇರುವ ಅನಿವಾಸಿಗಳು ‘ಫಾರಂ 6ಎ’ ತುಂಬಿ ಊರಿನ ಮತದಾರರ ಪಟ್ಟಿಗೆ ಹೆಸರು ಸೇರಿಸಬಹುದು, ಮತ ಹಾಕಲು ಮಾತ್ರ ಊರಿಗೇ ಹೋಗಬೇಕು. ಟಿಕೆಟ್ ದರ, ರಜೆಯ ಕಷ್ಟ ನಮಗೆಲ್ಲ ಗೊತ್ತು. ಆದರೂ ಹೆಸರಾದರೂ ಪಟ್ಟಿಯಲ್ಲಿರಲಿ. ರಜೆ ಮತ್ತು ಚುನಾವಣೆ ಒಟ್ಟಿಗೆ ಬಂದ ವರ್ಷ, ಊರಿಗೆ ಯಾರು ಏನು ಮಾಡಿದರು ಎಂದು ಕೇಳುವುದರ ಜೊತೆಗೆ ಅದಕ್ಕೆ ಉತ್ತರವನ್ನೂ ಬರೆದು ಬರೋಣ.